ಬೆಳಗದ ದೀಪಗಳ ಕ್ರೇಟು

ಮಾರ್ಚ್ ಹನ್ನೊಂದನೇ ತಾರೀಕು, ಮಂಗಳವಾರ, ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ದೀಪ ಬಿಚ್ಚುವ ಶೆಡ್ಡಿನ ಎರಡನೇ ಮೇಜಿನ ಮೇಲೆ ಒಂದು ಬ್ಯಾಟರಿ ಹೊತ್ತಿಕೊಂಡಿತು. ಮೊದಲು ಹಾವು ಬುಸುಗುಟ್ಟಿದಂಥ ಸದ್ದು, ಬಿಳಿ ಹೊಗೆ. ಮರುಕ್ಷಣದಲ್ಲಿ ಒಂದು ಮೊಳ ಉದ್ದದ ಬೆಂಕಿ. ಆ ಬೆಂಕಿಯ ಬಾಯಿಗೆ ನೇರವಾಗಿ ಇದ್ದದ್ದು ಅಂಟಪ್ಪನ ಎರಡು ಕೈಗಳು, ಅವುಗಳ ಹಿಂದೆ ಬಗ್ಗಿದ್ದ ಅವನ ಮುಖ.

ಅಂಟಪ್ಪ ಎಂಬುದು ಕಾರ್ಖಾನೆ ಇಟ್ಟ ಹೆಸರು. ಇಪ್ಪತ್ತೆರಡು ವರ್ಷ ಅವನು ದೊಡ್ಡ ಕಟ್ಟಡದಲ್ಲಿ, ಚಾರ್ಜು ಮಾಡುವ ಕೈದೀಪಗಳ ಎರಡು ಹೋಳುಗಳ ನಡುವೆ ಅಂಟಿನ ಗೆರೆ ಎಳೆದು ಮುಚ್ಚುವ ಕೆಲಸ ಮಾಡಿದ್ದ. ಅವನು ಮುಚ್ಚಿದ ದೀಪದೊಳಗೆ ನೀರು ಹೋಗುತ್ತಿರಲಿಲ್ಲ, ದೂಳು ಹೋಗುತ್ತಿರಲಿಲ್ಲ. ಅದೇ ಕಾರ್ಖಾನೆಯ ಪರೀಕ್ಷಾಲಯದಲ್ಲಿ ಕೆಲಸ ಮಾಡುವ ಹುಡುಗಿಗೆ ಮಾತ್ರ ಅವನು ಚಿಕ್ಕಪ್ಪ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಸಾಕಿದವನು, ವಿಜ್ಞಾನದ ಕಾಲೇಜಿಗೆ ಕಳಿಸಿದವನು ಅವನೇ. ಅವಳಿಗೂ ಕಾರ್ಖಾನೆ ಒಂದು ಹೆಸರಿಟ್ಟಿತ್ತು. ಕೊರಳಲ್ಲಿ ಸರ ಇದೆಯೋ ಇಲ್ಲವೋ, ಜೇಬಿನಲ್ಲಿ ವೋಲ್ಟ್ ಅಳೆಯುವ ಮೀಟರು ಇದ್ದೇ ಇರುತ್ತಿತ್ತು. ಹಾಗಾಗಿ ಮೂವತ್ತು ತುಂಬುವ ಮುಂಚೆಯೇ ಅವಳು ಮೀಟರಮ್ಮ.

ಎರಡು ವರ್ಷದ ಹಿಂದೆ ಹೊಸ ಕಾನೂನು ಬಂತು. ವಸ್ತುವನ್ನು ತಯಾರಿಸಿದವರೇ, ಅದು ಕೆಟ್ಟ ಮೇಲೆ ವಾಪಸ್ಸು ತೆಗೆದುಕೊಳ್ಳಬೇಕು; ಬಿಚ್ಚಿ, ಬ್ಯಾಟರಿ, ಪ್ಲಾಸ್ಟಿಕ್ಕು, ತಂತಿ ಬೇರೆ ಬೇರೆ ಮಾಡಿ, ಮಾರಿದ್ದರಲ್ಲಿ ಇಷ್ಟು ಪಾಲು ಎಂದು ತೂಕ ತೋರಿಸಬೇಕು. ಕಂಪನಿ ಹಿಂದಿನ ಗೋಡೆಗೆ ಒರಗಿದ್ದ ಹಳೆಯ ಉಗ್ರಾಣವನ್ನು ಖಾಲಿ ಮಾಡಿಸಿ ಸುಣ್ಣ ಹೊಡೆಸಿತು. ‘ನಮ್ಮ ದೀಪ, ನಮ್ಮ ಹೊಣೆ’ ಎಂದು ಬಾಗಿಲ ಮೇಲೆ ಬೋರ್ಡು ಹಾಕಿಸಿತು. ಶೆಡ್ಡು ನಡೆಸುವ ಕೆಲಸವನ್ನು ಒಬ್ಬ ಗುತ್ತಿಗೆದಾರನಿಗೆ ಕೊಟ್ಟಿತು. ಅದೇ ವರ್ಷ ಅಂಟು ಹಾಕಲು ಯಂತ್ರ ಬಂದಿದ್ದರಿಂದ ಅಂಟಪ್ಪನನ್ನೂ ಗುತ್ತಿಗೆದಾರನ ಲೆಕ್ಕಕ್ಕೆ ದಾಟಿಸಿದರು.

"ಹೆತ್ತೋರೇ ಹೂಳ್ಬೇಕು ಅಂತ ಕಾನೂನು ಮಾಡಿದಾರೆ ಕಣೇ," ಎಂದಿದ್ದ ಅಂಟಪ್ಪ, ಮೊದಲ ದಿನ ಮನೆಗೆ ಬಂದು ಹೆಂಡತಿಗೆ. "ಮುಚ್ಚಿದವನಿಗೇ ಬಿಚ್ಚೋ ಶಿಕ್ಷೆ."

ಮೊದಲನೇ ಮೇಜಿನಲ್ಲಿ ಕೂರುತ್ತಿದ್ದ ಹೆಂಗಸಿಗೆ ರೇಡಿಯೋ ಅಂತ ಹೆಸರು. ಉಳಿ ನಿಂತರೂ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಅಂಟಪ್ಪ ಒಂದೊಂದು ದೀಪಕ್ಕೂ ಉಳಿ ಇಟ್ಟು ತಿಣುಕುತ್ತಾ, "ಇಷ್ಟು ಗಟ್ಟಿಯಾಗಿ ಅಂಟು ಹಾಕಿದ ಪುಣ್ಯಾತ್ಮ ಯಾರಪ್ಪಾ!" ಎಂದರೆ ಅವಳು, "ನಿಮ್ಮ ಮನೆ ಕನ್ನಡೀಲಿ ಇರ್ತಾನೆ, ಹೋಗಿ ಬೈಕೊಳ್ಳಿ," ಎನ್ನುವಳು.

ದೀಪ ಬಿಚ್ಚುವುದರಲ್ಲಿ ಇರುವ ಅಪಾಯ ಒಂದೇ. ಬ್ಯಾಟರಿಯಲ್ಲಿ ಚಾರ್ಜು ಇರುವಾಗ ಅದಕ್ಕೆ ಉಳಿಯ ತುದಿ ತಗುಲಬಾರದು. ತುಂಬಿದ ಬ್ಯಾಟರಿ ನಾಲ್ಕು ವೋಲ್ಟಿಗಿಂತ ಸ್ವಲ್ಪ ಮೇಲೆ ಇರುತ್ತದೆ, ಚುಚ್ಚಿದರೆ ಹೊತ್ತಿಕೊಳ್ಳುತ್ತದೆ. ಮೂರು ವೋಲ್ಟಿಗೆ ಇಳಿದ ಬ್ಯಾಟರಿಗೆ ಕಚ್ಚುವ ಶಕ್ತಿ ಉಳಿದಿರುವುದಿಲ್ಲ; ಚುಚ್ಚಿದರೆ ಅಬ್ಬಬ್ಬಾ ಎಂದರೆ ಸ್ವಲ್ಪ ಹೊಗೆ. ಆದರೆ ಮುಚ್ಚಿದ ದೀಪಕ್ಕೆ ಹೊರಗಿನಿಂದ ಮೀಟರು ಹಿಡಿಯಲು ಜಾಗವಿಲ್ಲ. ಚಾರ್ಜು ಮಾಡುವ ತೂತಿನ ಮೂಲಕ ಕರೆಂಟು ಒಳಗೆ ಹೋಗುತ್ತದೆಯೇ ಹೊರತು ಹೊರಗೆ ಬರುವುದಿಲ್ಲ. ಇನ್ನು, ಎಲ್ಲೆಲ್ಲೋ ಬಿದ್ದು ಜಜ್ಜಿ ಬಂದ ದೀಪಕ್ಕೆ ಮತ್ತೆ ಕರೆಂಟು ಕೊಟ್ಟು ನೋಡುವುದು ಬೆಂಕಿಗೆ ತಾನಾಗಿ ಆಹ್ವಾನ ಕೊಟ್ಟಂತೆ.

ಹಾಗಾಗಿ ಮೀಟರಮ್ಮ ಶೆಡ್ಡಿನ ಪಕ್ಕದ ಕೋಣೆಯನ್ನು ದೀಪದ ಕೋಣೆ ಮಾಡಿಸಿದ್ದಳು. ಗೋಡೆಯುದ್ದಕ್ಕೂ ಕಬ್ಬಿಣದ ಹಲಗೆ. ವಾಪಸ್ಸು ಬಂದ ದೀಪಗಳನ್ನೆಲ್ಲ ಹತ್ತಿಸಿ ಅಲ್ಲಿ ಸಾಲಾಗಿ ಇಡುವುದು, ತಾವಾಗಿ ಆರುವವರೆಗೆ ಕಾಯುವುದು. ಕೆಲವು ಗಂಟೆಯೊಳಗೆ ಆರಿದರೆ ಕೆಲವು ಎರಡು ದಿನ ಉರಿಯುತ್ತಿದ್ದವು. ನೂರಾರು ದೀಪಗಳು ಯಾರಿಗೂ ಬೇಡವಾಗಿ, ಯಾರೂ ಇಲ್ಲದ ಕೋಣೆಯಲ್ಲಿ, ಹಗಲು ಹೊತ್ತಿನಲ್ಲಿ ಉರಿಯುವುದನ್ನು ನೋಡಲು ಮೊದಮೊದಲು ದೊಡ್ಡ ಕಟ್ಟಡದ ಜನವೂ ಬಂದು ಹೋಗುತ್ತಿದ್ದರು. ಆರಿದ್ದನ್ನು ಆರಿತು ಎಂದು ಶೆಡ್ಡಿನಲ್ಲಿ ಯಾರೂ ಅನ್ನುತ್ತಿರಲಿಲ್ಲ. "ಈ ಸಾಲು ದೊಡ್ಡದಾಯ್ತು, ತಗೊಳ್ಳಿ," ಎಂದು ರೇಡಿಯೋ ಕೂಗುವಳು. ಹಾಗೆ ತಾನಾಗಿ ಆರಿದ ದೀಪಗಳಲ್ಲಿ ಮೂವತ್ತನ್ನು ಮೀಟರಮ್ಮ ಸ್ವತಃ ಬಿಚ್ಚಿ ಅಳೆದಿದ್ದಳು. ಎಲ್ಲವೂ ಮೂರು ವೋಲ್ಟಿನ ಆಸುಪಾಸು. ಆಮೇಲೆಯೇ ಅವಳು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದ್ದು. ಅದರಲ್ಲಿ ನಾಲ್ಕನೆಯದು ಹೀಗಿತ್ತು: ಬರುವಾಗಲೇ ಬೆಳಗದಿರುವ ದೀಪಕ್ಕಾಗಿ ಕಾಯುವ ಅಗತ್ಯವಿಲ್ಲ, ನೇರವಾಗಿ ಮೇಜಿಗೆ.

ಇಂಥವಕ್ಕೆ ಬೇರೆ ಕ್ರೇಟು ಇತ್ತು. ಕಾಯುವ ಕೆಲಸ ಇಲ್ಲವಾದ್ದರಿಂದ ಎಲ್ಲರಿಗೂ ಆ ಕ್ರೇಟು ಇಷ್ಟ.

ಆಸ್ಪತ್ರೆಯಲ್ಲಿ ಚಿಕ್ಕಪ್ಪನ ಎರಡೂ ಕೈಗಳು ಬಿಳಿ ಬಟ್ಟೆಯ ಗಂಟುಗಳಾಗಿ ಹೊಟ್ಟೆಯ ಮೇಲೆ ಕೂತಿದ್ದವು. ಹುಬ್ಬು, ರೆಪ್ಪೆ ಸುಟ್ಟುಹೋಗಿ ಮುಖ ಯಾರದೋ ಆಗಿತ್ತು. ಮಾತು ಮಾತ್ರ ಅವನದೇ.

"ಹುಬ್ಬು ಹೋಯ್ತಂತೆ. ನಾನು ಸಿಟ್ಟಲ್ಲಿದೀನೋ ಇಲ್ವೋ ಅಂತ ನಿನ್ನ ಚಿಕ್ಕಮ್ಮ ಇನ್ಮೇಲೆ ಹೇಗೆ ತಿಳ್ಕೋತಾಳೆ?"

ಮೀಟರಮ್ಮ ನಗಲಿಲ್ಲ. ಶುಕ್ರವಾರ ವಿಚಾರಣೆ ಇತ್ತು. ತಾಂತ್ರಿಕ ವರದಿ ಅವಳೇ ಬರೆಯಬೇಕಿತ್ತು. ಉರಿಯುವ ದೀಪಕ್ಕೆ ಉಳಿ ಹಾಕಿದ್ದು ಎಂದಾದರೆ ಅದು ನಿಯಮ ಮುರಿದಂತೆ. ಚಿಕಿತ್ಸೆಯ ಖರ್ಚು ಅವನ ಪಾಡು, ಕೆಲಸವೂ ಹೋಗುತ್ತದೆ. ಐವತ್ತೈದರ ಮೇಲೆ, ಇಂಥ ಕೈ ಇಟ್ಟುಕೊಂಡವನನ್ನು ಇನ್ನೆಲ್ಲೂ ಒಳಗೆ ಬಿಡುವುದಿಲ್ಲ.

"ಚಿಕ್ಕಪ್ಪ, ದೀಪ ಉರೀತಿತ್ತಾ?"

"ಇಲ್ಲ."

"ಸಣ್ಣಗೆ ಉರೀತಿದ್ರೆ ಹಗಲು ಬೆಳಕಲ್ಲಿ ಕಾಣಲ್ಲ."

"ಬಂದಿದ್ದೇ ಸತ್ತು ಬಂದಿತ್ತು ಮರಿ. ಬೆಳಗದ ಕ್ರೇಟಿಂದ ನಾನೇ ಎತ್ಕೊಂಡೆ. ನಾಲ್ಕು ಸಲ ಗುಂಡಿ ಒತ್ತಿ ನೋಡಿದೆ."

"ಬೇರೆ ಕ್ರೇಟು ಇರ್ಬೇಕು. ನೆನಪು ಮಾಡ್ಕೋ. ಆ ಕ್ರೇಟಲ್ಲಿರೋದು ಹೀಗೆ ಹೊತ್ಕೊಳ್ಳೋಕೆ ಸಾಧ್ಯವೇ ಇಲ್ಲ."

ಅವನು ಬಲಗೈಯ ಗಂಟನ್ನು ಒಂದಂಗುಲ ಎತ್ತಿ ತೋರಿಸಿದ.

"ಸಾಧ್ಯ ಇಲ್ಲ ಅಂದ್ರೆ ಆಗಿಲ್ಲ ಬಿಡು. ಇದು ಬರೀ ಬಟ್ಟೆ."

ಬಾಗಿಲಲ್ಲಿ ಫ್ಲಾಸ್ಕು ಹಿಡಿದು ನಿಂತಿದ್ದ ಚಿಕ್ಕಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಹೊರಗಿನ ಬೆಂಚಿನ ಮೇಲೆ ಕೂತು, ದನಿ ಎತ್ತದೆ ಹೇಳಿದಳು: "ಮೂವತ್ತು ವರ್ಷ ಸಂಸಾರ ಮಾಡಿದೀನಿ. ಅವರಿಗೆ ಸುಳ್ಳು ಹೇಳೋಕೆ ಬರಲ್ಲ. ಹೇಳಿದ್ರೆ ಕಿವಿ ಕೆಂಪಾಗತ್ತೆ. ಈಗ ಆ ಕಿವಿ ನೋಡಿ ಕಂಡುಹಿಡಿಯೋ ಹಾಗೂ ಇಲ್ಲ."

ಮೀಟರಮ್ಮನ ಹತ್ತಿರ ಉತ್ತರವಿತ್ತು. ಬೆಳಗದ ದೀಪದಲ್ಲಿ ಚಾರ್ಜು ಇಲ್ಲ. ಚಾರ್ಜು ಇಲ್ಲದ್ದು ಹೊತ್ತಿಕೊಳ್ಳುವುದಿಲ್ಲ. ಇದು ಹೊತ್ತಿಕೊಂಡಿದೆ, ಆದ್ದರಿಂದ ಇದು ಬೆಳಗುತ್ತಿತ್ತು. ಒಂದೊಂದು ಮೆಟ್ಟಿಲೂ ಗಟ್ಟಿಯಾಗಿತ್ತು.

ಬುಧವಾರ ಶೆಡ್ಡು ಮತ್ತೆ ತೆರೆಯಿತು. ಸುಟ್ಟ ಮೇಜಿನ ಮೇಲೆ ತಗಡು ಹೊಡೆದಿದ್ದರು. ಹೊತ್ತಿಕೊಂಡ ದೀಪದಿಂದ ಉಳಿದಿದ್ದು ಕರಿ ಮುದ್ದೆ. ಅದನ್ನು ನೋಡಿ ಏನೂ ಹೇಳುವಂತಿರಲಿಲ್ಲ. ರೇಡಿಯೋಗೆ ಆ ಹೊತ್ತಿನಲ್ಲಿ ಬೆನ್ನು ತಿರುಗಿತ್ತು. "ಸದ್ದು ಕೇಳಿ ತಿರುಗಿದೆ. ತಿರುಗೋಷ್ಟರಲ್ಲಿ ಮನುಷ್ಯ ನೆಲದ ಮೇಲೆ," ಎಂದಳು. ಅಷ್ಟೇ ಹೇಳಿ ಉಳಿ ಎತ್ತಿಕೊಂಡಳು.

ಮ್ಯಾನೇಜರು ಮೀಟರಮ್ಮನನ್ನು ಕರೆಸಿ ಕೂರಿಸಿ, ತಾವೇ ಎದ್ದು ಹೋಗಿ ನೀರು ತಂದುಕೊಟ್ಟರು. ಕೆಟ್ಟ ಮನುಷ್ಯನಲ್ಲ.

"ಅವರಿಗೆ ಕಣ್ಣಲ್ಲಿ ಪೊರೆ ಇದೆ ಅಲ್ವಾ? ಹೋದ ತಿಂಗಳು ತೋರಿಸೋಕೆ ಅಂತ ನೀವೇ ರಜ ಕೇಳಿದ್ರಿ."

"ಇದೆ ಸಾರ್."

"ಸಣ್ಣ ಬೆಳಕು ಕಾಣ್ಲಿಲ್ಲ, ಉಳಿ ಹಾಕಿದ್ರು. ಹಾಗೆ ಬರೀರಿ. ಬೇಕಂತ ನಿಯಮ ಮುರಿದ್ರು ಅಂತ ಆಗಲ್ಲ. ಕೆಲಸ ಉಳಿಯಲ್ಲ, ನಿಜ. ಆಸ್ಪತ್ರೆಗೆ ಮನುಷ್ಯತ್ವದ ಮೇಲೆ ಏನಾದ್ರೂ ಮಾಡಿಸ್ತೀನಿ. ನೋಡಿ, ಶೆಡ್ಡು ಗುತ್ತಿಗೆದಾರಂದು. ಕಾನೂನು ನಮಗೆ ಹೊಣೆ ಹಾಕಿರೋದು ದೀಪಕ್ಕೆ."

"ಕೈಗೆ?"

ಮ್ಯಾನೇಜರು ಲೋಟವನ್ನು ಅವಳ ಕಡೆ ಇನ್ನಷ್ಟು ಸರಿಸಿದರು. "ಅದು ಬೇರೆ ಕಾನೂನು, ಬೇರೆ ಆಫೀಸು."

ಗುರುವಾರ ಮಧ್ಯಾಹ್ನ ಡಾಕ್ಟರು ಬಲಗೈಯ ಹೆಬ್ಬೆರಳನ್ನೂ ಪಕ್ಕದ ಎರಡು ಬೆರಳುಗಳನ್ನೂ ತೆಗೆದರು. ಅಂಟಿನ ಗೆರೆ ಎಳೆಯುವಾಗ ಕೊಳವೆ ಹಿಡಿಯುತ್ತಿದ್ದ ಬೆರಳುಗಳು ಅವೇ. ಮೀಟರಮ್ಮ ಪರೀಕ್ಷಾಲಯದಲ್ಲಿ ಕೂತು ‘ಕಣ್ಣಿನ ದೋಷದಿಂದಾಗಿ’ ಎಂಬಲ್ಲಿಗೆ ವರದಿ ತಂದು ನಿಲ್ಲಿಸಿದ್ದಳು. ಮುಂದಿನ ವಾಕ್ಯ ಬರೆಯಲಾಗದೆ ಎದ್ದು, ಆಸ್ಪತ್ರೆಗೆ ಬೇಕಾದ ಬಟ್ಟೆ ತರಲು ಸಂಜೆ ಚಿಕ್ಕಮ್ಮನ ಜೊತೆ ಅವರ ಮನೆಗೆ ಹೋದಳು.

ಚಿಕ್ಕಮ್ಮ ಒಳಗೆ ಟ್ರಂಕು ತೆಗೆಯುತ್ತಿದ್ದಾಗ ಇವಳು ನೀರು ಕುಡಿಯಲು ಅಡುಗೆಮನೆಗೆ ಹೋದಳು. ಕಿಟಕಿಯ ಹತ್ತಿರದ ಹಲಗೆಯ ಮೇಲೆ ಕಂಪನಿಯದೇ ಕೈದೀಪ ಚಾರ್ಜಿಗೆ ನಿಂತಿತ್ತು. ಅಭ್ಯಾಸಬಲದಿಂದ ಗುಂಡಿ ಒತ್ತಿದಳು. ಹತ್ತಲಿಲ್ಲ.

"ಇದಕ್ಕೇನಾಯ್ತು ಚಿಕ್ಕಮ್ಮ?"

"ಹೋದ ವಾರದಿಂದ ಹಾಗೇ. ನಿಮ್ಮ ಚಿಕ್ಕಪ್ಪನ ಕೈಯಿಂದ ನೀರಿನ ತೊಟ್ಟಿ ಕಟ್ಟೆ ಮೇಲೆ ಬಿತ್ತು. ರಾತ್ರಿಯೆಲ್ಲಾ ಚಾರ್ಜಿಗೆ ಹಾಕಿದ್ದೆ. ಊಹೂಂ, ಜಪ್ಪಯ್ಯ ಅಂದ್ರೂ ಹತ್ತಲ್ಲ."

"ಹತ್ತದೇ ಇರೋದನ್ನ ಯಾಕೆ ಚಾರ್ಜು ಮಾಡ್ತಿದೀಯ?"

"ಇನ್ನೇನು ಮಾಡ್ಲಿ? ಎಲ್ರೂ ಅದನ್ನೇ ಮಾಡೋದು. ಒಂದು ರಾತ್ರಿ ನೋಡೋದು, ಇನ್ನೊಂದು ರಾತ್ರಿ ನೋಡೋದು. ಆಮೇಲೂ ಬರ್ಲಿಲ್ಲ ಅಂದ್ರೆ ಕೆಟ್ಟ ದೀಪ ವಾಪಸ್ಸು ತಗೊಳ್ಳೋಕೆ ಅಂಗಡಿಯೋರು ಇಟ್ಟಿದಾರಲ್ಲ, ಆ ಡಬ್ಬಕ್ಕೆ ಹಾಕೋದು. ಸುಮ್ಸುಮ್ನೆ ಎಸೆಯೋಕೆ ಮನಸ್ಸು ಬರತ್ತಾ?"

ಮೀಟರಮ್ಮ ಲೋಟ ಕೆಳಗಿಟ್ಟು ದೀಪದ ಹತ್ತಿರ ಬಗ್ಗಿದಳು. ದೀಪದ ಬುಡದಲ್ಲಿ, ಚಾರ್ಜಿನ ತಂತಿ ಸೇರುವಲ್ಲಿ, ಸಾಸಿವೆ ಕಾಳಿನಷ್ಟು ಹಸಿರು ಚುಕ್ಕೆ ಬೆಳಗುತ್ತಿತ್ತು. ಆ ಚುಕ್ಕೆಯ ಅರ್ಥ ಅವಳಿಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ. ತುಂಬುವಾಗ ಕೆಂಪು, ತುಂಬಿದ ಮೇಲೆ ಹಸಿರು. ಬಿದ್ದ ಏಟಿಗೆ ಒಳಗೆ ಗುಂಡಿಯ ತಂತಿ ಕಿತ್ತಿರಬೇಕು. ಬ್ಯಾಟರಿಯಿಂದ ಬೆಳಕಿಗೆ ದಾರಿ ಇಲ್ಲ. ಕರೆಂಟಿನಿಂದ ಬ್ಯಾಟರಿಗೆ ದಾರಿ ಇದ್ದೇ ಇದೆ.

ಅವಳು ಅಳೆದದ್ದು ತಾನೇ ಉರಿಸಿ ಆರಿಸಿದ ದೀಪಗಳನ್ನು. ಆರಿಯೇ ಬಂದವುಗಳಲ್ಲಿ ಒಂದನ್ನೂ ಅಳೆದಿರಲಿಲ್ಲ. ಆರಿದ್ದರಲ್ಲಿ ಅಳೆಯುವುದೇನು ಎಂದುಕೊಂಡಿದ್ದಳು. ಹುಟ್ಟಿದಾಗಿನಿಂದ ಬೆಳಕು ಮಾಡಿಯೇ ಬದುಕಿದ ಕಾರ್ಖಾನೆಯಲ್ಲಿ ಯಾರಿಗೂ ಅದಕ್ಕಿಂತ ಬೇರೆ ಅನ್ನಿಸಿರಲಿಲ್ಲ. ಇಲ್ಲಿ ಬೆಳಕೇ ಮೀಟರು. ಊರ ಜನವೆಲ್ಲಾ ಮಾಡುವ ಒಂದು ಕೆಲಸ ಮಾತ್ರ ಯಾರ ಲೆಕ್ಕಕ್ಕೂ ಬಂದಿರಲಿಲ್ಲ: ಕೈಬಿಡುವ ಮುಂಚೆ ಕೊನೆಯ ಸಲ ರಾತ್ರಿಯಿಡೀ ತುಂಬಿಸುವುದು. ಎಲ್ಲ ದೀಪಗಳಿಗಿಂತ ತುಂಬಿ ಬರುತ್ತಿದ್ದವು ಆ ಕ್ರೇಟಿನವೇ.

"ಚಿಕ್ಕಮ್ಮ, ಇದನ್ನ ತಂತಿಯಿಂದ ತೆಗೀತಿದೀನಿ. ಎಲ್ಲಿಗೂ ಹಾಕ್ಬೇಡ. ಮುಟ್ಬೇಡ."

"ಯಾಕೇ, ಮುಖ ಹಾಗಾಯ್ತು?"

"ಚಿಕ್ಕಪ್ಪ ಹೇಳಿದ್ದು ನಿಜ."

ಚಿಕ್ಕಮ್ಮ ಮಡಿಸುತ್ತಿದ್ದ ಅಂಗಿಯನ್ನು ಪೂರ್ತಿ ಮಡಿಸಿದಳು. "ಅದು ನನಗೆ ಗೊತ್ತಿತ್ತಲ್ಲ," ಎಂದಳು. "ನಿನಗೆ ಗೊತ್ತಾಗೋಕೆ ಮೂರು ಬೆರಳು ಬೇಕಾಯ್ತು."

ಬಟ್ಟೆಗಂಟು ಹಿಡಿದು ಮೀಟರಮ್ಮ ಮತ್ತೆ ಆಸ್ಪತ್ರೆಗೆ ಬಂದಾಗ ಚಿಕ್ಕಪ್ಪ ಔಷಧಿಯ ನಿದ್ದೆಯಲ್ಲಿದ್ದ. ಎಬ್ಬಿಸಿ ಹೇಳುವಂತಿರಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೈ ಇಟ್ಟು ಕೂತಳು. ಹಿಡಿದುಕೊಳ್ಳಲು ಅವನ ಕಡೆಯಿಂದ ಕೈ ಎಂಬುದು ಇರಲಿಲ್ಲ, ಬಟ್ಟೆ ಇತ್ತು.

ಶುಕ್ರವಾರ ಶೆಡ್ಡಿನ ಬಾಗಿಲು ತೆರೆಯುವ ಹೊತ್ತಿಗೆ ಅವಳು ಓಡುತ್ತಲೇ ಬಂದಳು. ರೇಡಿಯೋ ಆಗಲೇ ಬೆಳಗದ ಕ್ರೇಟಿನಿಂದ ಒಂದನ್ನು ಎತ್ತಿ, ಮೇಜಿನ ಇಕ್ಕಳದಲ್ಲಿ ಬಿಗಿದು, ಉಳಿಯ ತುದಿಯನ್ನು ಅಂಟಿನ ಗೆರೆಗೆ ಇಟ್ಟಿದ್ದಳು.

"ಉಳಿ ಕೆಳಗಿಡಿ. ಅಕ್ಕಾ, ಉಳಿ ಕೆಳಗಿಡಿ!"

"ಅಯ್ಯೋ, ಇದು ಸತ್ತಿರೋದು ಕಣಮ್ಮ. ನೋಡಿ," ಎಂದು ರೇಡಿಯೋ ಗುಂಡಿ ಒತ್ತಿ ತೋರಿಸಿದಳು. ಆಮೇಲೆ ಮೀಟರಮ್ಮನ ಮುಖ ನೋಡಿ, ಉಳಿಯನ್ನು ಎರಡೂ ಕೈಯಿಂದ ಮೆಲ್ಲಗೆ ಮೇಜಿನ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಹೋದಳು.

ಹತ್ತು ಗಂಟೆಗೆ ವಿಚಾರಣೆಗೆಂದು ಮ್ಯಾನೇಜರು, ಗುತ್ತಿಗೆದಾರ ಬಂದರು. ಕೋಣೆಯಲ್ಲಿ ಕೂರೋಣ ಎಂದರೆ ಮೀಟರಮ್ಮ ಒಪ್ಪಲಿಲ್ಲ. ಎರಡನೇ ಮೇಜಿನ ಹತ್ತಿರವೇ ನಿಲ್ಲಿಸಿದಳು. ಡ್ರಿಲ್ಲು, ಮೀಟರು, ಮರಳಿನ ಬಕೆಟ್ಟು ಸಿದ್ಧವಾಗಿದ್ದವು.

"ಸಾರ್, ಬೆಳಗದ ಕ್ರೇಟಿಂದ ಒಂದು ದೀಪ ಎತ್ತಿ ಕೊಡಿ. ನಿಮಗೆ ಬೇಕಾದ್ದು."

ಮ್ಯಾನೇಜರು ತಡಕಿ ತಳದಿಂದ ಒಂದನ್ನು ತೆಗೆದರು. ಗುಂಡಿ ಒತ್ತಿದರು, ಅಲ್ಲಾಡಿಸಿದರು, ಅಂಗೈಗೆ ಕುಟ್ಟಿ ಮತ್ತೆ ಒತ್ತಿದರು. "ಇದು ಸತ್ತಿದೆ."

"ಖಾತ್ರೀನಾ?"

"ಖಾತ್ರಿ."

"ಹಾಗಾದ್ರೆ ಉಳಿ ಹಾಕಿ ಸಾರ್." ಅವಳು ಉಳಿಯ ಹಿಡಿಯನ್ನು ಅವರ ಕಡೆ ತಿರುಗಿಸಿ ಚಾಚಿದಳು.

ಮ್ಯಾನೇಜರು ನಕ್ಕರು. ಯಾರೂ ಜೊತೆ ಸೇರಲಿಲ್ಲ. ಅವರ ಕಣ್ಣು ತಗಡು ಹೊಡೆದ ಮೇಜಿಗೆ ಹೋಯಿತು, ಅದರ ಅಂಚಿನಲ್ಲಿ ಮುಚ್ಚದೆ ಉಳಿದಿದ್ದ ಕರಿ ಗುರುತಿಗೆ ಹೋಯಿತು. ದೀಪವನ್ನು, ಮಲಗಿದ ಮಗುವನ್ನು ಇಳಿಸುವ ಹಾಗೆ, ಮೇಜಿನ ಮೇಲೆ ಇಳಿಸಿದರು.

"ಅಂಟಪ್ಪನಿಗೆ ಇಷ್ಟು ಭಯ ಇರ್ಲಿಲ್ಲ ಸಾರ್," ಎಂದಳು ರೇಡಿಯೋ ಹಿಂದಿನಿಂದ. "ನಿಯಮ ನಂಬ್ಕೊಂಡಿದ್ರು ಪಾಪ."

ಗುತ್ತಿಗೆದಾರ ಗೋಡೆಯ ಕಡೆ ಕೈ ತೋರಿಸಿದ. "ನಿಯಮ ಬರೆದಿದ್ದು ಯಾರಮ್ಮ? ನಾವಲ್ಲವಲ್ಲ."

"ನಾನು. ನಾಲ್ಕನೇ ನಿಯಮ ನನ್ನದು. ಅದಕ್ಕೆ ಎಲ್ಲರ ಸಹಿ ಹಾಕಿಸಿದ್ದು ಕಂಪನಿ. ಎರಡನ್ನೂ ಬರೀತಿದೀನಿ."

ಮ್ಯಾನೇಜರು ದನಿ ತಗ್ಗಿಸಿದರು. "ಸ್ವಲ್ಪ ಯೋಚಿಸಿ. ಇದು ವರದಿಗೆ ಹೋದ್ರೆ ಈ ಕ್ರೇಟಿನ ಒಂದೊಂದಕ್ಕೂ ತೂತು ಕೊರೆದು ಅಳೀಬೇಕು. ವರ್ಷದ ಗುರಿ ಮುಟ್ಟಲ್ಲ. ಶೆಡ್ಡು ಮುಚ್ಚಿದ್ರೂ ಮುಚ್ಚಬಹುದು. ಇವರೆಲ್ಲಾ ಎಲ್ಲಿಗೆ ಹೋಗ್ತಾರೆ? ನೀವೂ ಇಲ್ಲಿ ಇರಲ್ಲ."

"ಗೊತ್ತು."

ರೇಡಿಯೋ ಮೇಜಿನ ಮೇಲಿದ್ದ ತನ್ನ ಉಳಿಯ ಕಡೆ ನೋಡಿದಳು. ಕೆಲಸ ಬೇಕಿದ್ದವಳೇ ಅವಳೂ.

ಮೀಟರಮ್ಮ ದೀಪವನ್ನು ಬೋರಲು ಹಾಕಿದಳು. ಬ್ಯಾಟರಿಯ ತಂತಿಗಳು ಬಂದು ಸೇರುವ ಜಾಗ ಹೊರಗಿನಿಂದ ಕಾಣುವುದಿಲ್ಲ. ಅವಳಿಗೆ ಕಣ್ಣು ಮುಚ್ಚಿಯೂ ಗೊತ್ತಿತ್ತು. ಹೆಚ್ಚು ಆಳಕ್ಕೆ ಇಳಿಯದಂತೆ ತಡೆ ಕಟ್ಟಿದ ಡ್ರಿಲ್ಲಿನಿಂದ ಎರಡು ಸಣ್ಣ ತೂತು ಕೊರೆದಳು. ಬಿಳಿ ಪ್ಲಾಸ್ಟಿಕ್ಕಿನ ಸುರುಳಿಗಳು ಮೇಜಿನ ಮೇಲೆ ಉದುರಿದವು. ತೂತಿನ ಪಕ್ಕದಲ್ಲೇ ಅಂಟಿನ ಗೆರೆ ಇತ್ತು: ನೇರ, ಎಲ್ಲೂ ತೆಳುವಾಗದೆ, ಎಲ್ಲೂ ಉಕ್ಕದೆ, ಯಂತ್ರ ಬರುವ ಹಿಂದಿನ ಕಾಲದ್ದು. ಅದರ ಮೇಲೆ ಒಂದು ಕ್ಷಣ ಬೆರಳಿಟ್ಟಳು.

ಆಮೇಲೆ ಮೀಟರಿನ ಕೆಂಪು ಮೊನೆಯನ್ನು ಒಂದು ತೂತಿಗೆ, ಕಪ್ಪು ಮೊನೆಯನ್ನು ಇನ್ನೊಂದಕ್ಕೆ ಇಳಿಸಿದಳು. ಅಂಕೆಗಳು ಓಡಿ ನಿಂತವು. ಎಲ್ಲರೂ ಓದುವಂತೆ ಮೀಟರನ್ನು ತಿರುಗಿಸಿ ಇಟ್ಟು, ವರದಿಯಲ್ಲಿ ‘ಕಣ್ಣಿನ ದೋಷದಿಂದಾಗಿ’ ಎಂಬುದನ್ನು ಹೊಡೆದುಹಾಕಿ, ಅದರ ಕೆಳಗೆ ಬರೆದಳು:

ಬೆಳಗದ ಕ್ರೇಟಿನಿಂದ ಮ್ಯಾನೇಜರು ಆಯ್ದ ದೀಪ. ಬೆಳಕು ಇಲ್ಲ. ಬ್ಯಾಟರಿ 4.11 ವೋಲ್ಟ್.